ಏಳನೆಯ ಸಾಲಿನ ಎಲೆ

ಮಾನ್ವಿ
೨೩ ಜನವರಿ ೨೦೨೫, ಗುರುವಾರ

ನನ್ನವ್ವಾ ದುರ್ಗಾ,

ಊಟ, ನಿದ್ದೆ ಎರಡನ್ನೂ ಸರಿಯಾಗಿ ಮಾಡುತ್ತಿದ್ದೀಯಾ? ಫೋನಿನಲ್ಲಿ ಕೇಳಿದರೆ ಎರಡಕ್ಕೂ ಒಂದೇ ಅಳತೆಯ 'ಹ್ಞೂಂ' ಕೊಡುತ್ತೀ. ಇಪ್ಪತ್ತೆರಡು ವರ್ಷದಿಂದ ಬೀಜದ ಅಂಗಡಿ ನಡೆಸುತ್ತಿರುವವನು ನಾನು. ಎರಡು ಚೀಲದ ತೂಕ ಗುಂಜಿಯಷ್ಟೂ ಹೆಚ್ಚುಕಡಿಮೆ ಇಲ್ಲದೆ ಬಂದರೆ ತಕ್ಕಡಿಯ ಮೇಲೆಯೇ ಅನುಮಾನಪಡುತ್ತೇನೆ. ಹೈದರಾಬಾದಿನಲ್ಲಿ ಚಳಿ ಹೇಗಿದೆ? ರಾತ್ರಿಯೆಲ್ಲ ಲ್ಯಾಬಿನಲ್ಲಿ ಕೂರಬೇಡ. ಇಲ್ಲಿ ನಿನ್ನವ್ವನ ಮೊಣಕಾಲು ನೋವು ಇಳಿದಿದೆ. ನನಗೆ ಮಾತ್ರ ಸೋಮವಾರದಿಂದ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಎಣ್ಣೆಗಾಯಿಯ ಕೆಲಸ ಎಂದು ನಿನ್ನವ್ವ ಹೇಳುತ್ತಾಳೆ. ಎಣ್ಣೆಗಾಯಿಯದಲ್ಲ, ನನಗೆ ಗೊತ್ತು.

ಫೋನು ಇರುವಾಗ ಈ ಕಾಗದ ಯಾಕೆ ಎಂದು ಕೇಳಬೇಡ. ಅಂಗಡಿಯಲ್ಲಿ ದಿನವೆಲ್ಲ ಮಾತು ಮಾರಿ ಮಾರಿ ನನ್ನ ನಾಲಿಗೆ ನನಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತದೆ. ನೀನು ಫೋನು ಮಾಡಿದ ಮೂರು ಸಲವೂ 'ಎಲ್ಲಾ ಛಲೋ ಅದವ್ವಾ' ಎಂದು ಅದು ನನ್ನನ್ನು ಕೇಳದೆಯೇ ಹೇಳಿಬಿಟ್ಟಿತು. ಪೆನ್ನು ಹಾಗಲ್ಲ, ನಿಧಾನ. ಹೇಗೂ ನೀನು ಹೊಲದ ಮೂಲ ಪುಸ್ತಕವನ್ನೂ ಏಳನೆಯ ಸಾಲಿನ ಎರಡು ತೆನೆಯನ್ನೂ ಕಳಿಸು ಎಂದಿದ್ದಿ. ಹೈದರಾಬಾದ್ ಬಸ್ಸಿನ ಡ್ರೈವರ್ ಗುಲಾಮ್ ದಸ್ತಗೀರ್ ಕೈಯಲ್ಲಿ ಎಲ್ಲವನ್ನೂ ಕೊಟ್ಟು ಕಳಿಸುತ್ತೇನೆ. ನಿನ್ನೆ ಹೇಳಿಟ್ಟಾಗ ಅವನು, 'ಏನ್ ಸಾವ್ಕಾರ, ಮಂದಿ ಮಗಳಿಗೆ ರೊಟ್ಟಿ ಕಳಸ್ತಾರ, ನೀವು ದನದ ಮೇವು ಕಳಸಾಕತ್ತೀರಲ್ಲ' ಎಂದು ನಕ್ಕ. ರೊಟ್ಟಿಯೂ ಇದೆ, ಕೆಳಗೆ ನೋಡು.

ಸೋಮವಾರ ನೀನು ಹೇಳಿದ್ದನ್ನು ನಾನು ಎಷ್ಟು ತಿಳಿದುಕೊಂಡೆನೋ ಅಷ್ಟನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ, ತಪ್ಪಿದ್ದರೆ ತಿದ್ದು. ಹನ್ನೆರಡು ತಳಿಯ ಬಿಳಿಜೋಳ, ತಳಿಗೊಂದು ಸಾಲು, ಸಾಲಿಗೆ ಹದಿನೆಂಟು ಗಿಡ. ಅರಕೇರಾದ ನಮ್ಮ ಎರೆ ಹೊಲದಲ್ಲಿ ಒಂದು ಮಡಿಗೆ ಡ್ರಮ್ಮಿನ ನೀರು, ಇನ್ನೊಂದು ಮಡಿಗೆ ಹೂ ಬಿಡುವ ಹೊತ್ತಿನಿಂದ ಹನಿಯೂ ಇಲ್ಲ. ಚಂದ್ರಬಂಡದಲ್ಲಿ ನಿನ್ನ ಸೋದರಮಾವ ಅಮರೇಶನ ಹೊಲದಲ್ಲೂ ಹಾಗೆಯೇ. ಎರಡು ಮೂರು ದಿನಕ್ಕೊಮ್ಮೆ ಅರಕೇರಾಕ್ಕೆ ಹೋಗಿ ಯಾವ ಸಾಲಿಗೆ ಎಷ್ಟು ಕೊಡ ನೀರು ಎಂದು ಪುಸ್ತಕದಲ್ಲಿ ಬರೆಯುವುದು ನನ್ನ ಕೆಲಸ. ನೀರಿಲ್ಲದ ಮಡಿಯ ಎದುರು ಸೊನ್ನೆ. ಬೇರಿಗೆ ಮಣ್ಣು ಒಣಗಿದ್ದು ತಿಳಿಯುತ್ತಲೇ ಕ್ಯಾಲ್ಸಿಯಂ ಒಂದು ಅಲೆಯಾಗಿ ಕೋಶದಿಂದ ಕೋಶಕ್ಕೆ ಸುದ್ದಿ ಮುಟ್ಟಿಸುತ್ತದೆ ಎಂದಿದ್ದಿ. ಎಲೆಯಲ್ಲಿ ಎಬಿಎ ಎಂಬ ಹಾರ್ಮೋನು ಏರುತ್ತದೆ, ಎಲೆಯ ಮೈಮೇಲಿನ ಸಣ್ಣ ಸಣ್ಣ ಬಾಯಿಗಳು ಮುಚ್ಚಿಕೊಳ್ಳುತ್ತವೆ, ಮಲಗಿದ್ದ ಜೀನುಗಳು ಎದ್ದು ಕೋಶ ಒಣಗದಂತೆ ಕಾಯುವ ಸಾಮಾನುಗಳನ್ನು ತಯಾರು ಮಾಡಲು ಹತ್ತುತ್ತವೆ. ನನಗೆ ಇದು ನಮ್ಮ ಮಾನ್ವಿಯ ಕಾಲುವೆಯಿಂದ ಅರ್ಥವಾಯಿತು. ಮೇಲೆ ಎಲ್ಲೋ ಗೇಟು ಇಳಿದರೆ, ಕಾಲುವೆಯ ಕೊನೆಯ ಗದ್ದೆಯವನು ನೀರು ನಿಲ್ಲುವ ಮೊದಲೇ ಬದುವಿನ ಬಾಯಿ ಕಟ್ಟಿರುತ್ತಾನೆ. ಅವನಿಗೆ ಯಾವ ಆಫೀಸಿನವರೂ ನೋಟಿಸು ಕಳಿಸಿರುವುದಿಲ್ಲ.

ಈ ತಿಂಗಳ ಎಂಟಕ್ಕೆ ನೀನು ಹೊಗೆಯಾಡುವಷ್ಟು ತಣ್ಣಗಿನ ಡಬ್ಬಿ ತಂದು, ಲ್ಯಾಬಿನ ಪರೀಕ್ಷೆಗೆಂದು ನೀರಿಲ್ಲದ ಮಡಿಯ ಎಲೆ ಕತ್ತರಿಸಿಕೊಂಡು ಹೋದೆ. ಸೋಮವಾರ ಫೋನಿನಲ್ಲಿ ನಿನ್ನ ಧ್ವನಿ ಓಡುತ್ತಿತ್ತು: 'ಅಪ್ಪಾ, ಎಲ್ಲಾ ಸಾಲಿನ ಎಲಿ ನೀರು ನೀರು ಅಂತ ಒದರಾಕತ್ಯಾವ. ಏಳನೇದು ಮಾತ್ರ ಸುಮ್ಮನ ಕುಂತದ. ಎಬಿಎ ಇಲ್ಲ, ಒಂದ್ ಜೀನೂ ಎದ್ದಿಲ್ಲ, ಆದ್ರ ಹಸರಾಗಿ ನಿಂತದ.' ಬೇರು ಎಲ್ಲಿಂದಲೋ ಆಳದ ನೀರು ತಂದಿರಬೇಕು, ಇಲ್ಲವೇ ಇದು ಯಾರೂ ಕಾಣದ ಬೇರೆಯೇ ದಾರಿ ಎಂದಿ. ಬರುವ ಸೋಮವಾರ, ಇಪ್ಪತ್ತೇಳಕ್ಕೆ, ದೇಶದ ದೊಡ್ಡ ದೊಡ್ಡವರ ಮುಂದೆ ನಿಂತು ಇದನ್ನು ಹೇಳುತ್ತೀಯಂತೆ; ಆ ತಳಿಗೆ 'ಹುಲಿಗೆಮ್ಮ' ಎಂದು ನಿನ್ನ ಅಜ್ಜಿಯ ಹೆಸರಿಡುತ್ತೀಯಂತೆ. ಈ ಸಂಶೋಧನೆಗೆಂದು ಹೋದ ನಾಲ್ಕು ವರ್ಷದಲ್ಲಿ ನೀನು ಅಷ್ಟು ನಕ್ಕಿದ್ದನ್ನು ನಾನು ಕೇಳಿರಲಿಲ್ಲ. ನನ್ನ ನಿದ್ದೆ ಹೋದದ್ದು ಆ ನಗೆಯಿಂದ.

ಆ ಏಳನೆಯ ಸಾಲಿನ ಬೀಜ ಎಲ್ಲಿಂದ ಬಂತೆಂದು ನಿನಗೆ ಅರ್ಧ ಗೊತ್ತು. ನಮಗೆ ಹೊಲ ಇಲ್ಲದ ಕಾಲದಲ್ಲಿ ನನ್ನವ್ವ, ನಿನ್ನ ಅಜ್ಜಿ, ಕೊಯ್ಲಿಗೆ ಹೋದರೆ ಕೂಲಿಯೆಂದು ತೆನೆ ಕೊಡುತ್ತಿದ್ದರು. ಮನೆಗೆ ತಂದು, ಕುಟ್ಟುವ ಮೊದಲು ಒಂದೊಂದೇ ತೆನೆಯನ್ನು ತಿರುವಿ ನೋಡಿ, ಒಳ್ಳೆಯ ಎರಡನ್ನು ಎತ್ತಿ ಬೂದಿ ಬೆರೆಸಿ ಗಡಿಗೆಯಲ್ಲಿ ಇಡುತ್ತಿದ್ದಳು. 'ಬಿತ್ತಾಕ ಹೊಲ ಎಲ್ಲಿ ಅದಬೇ' ಎಂದು ನಾನು ಕೇಳಿದರೆ, 'ಮೊದಲ ಬೀಜ ಇರಲಿ, ಹೊಲ ಹಿಂದಿಂದ ಬರ್ತದ' ಎನ್ನುತ್ತಿದ್ದಳು. ಬಂತು, ಅರಕೇರಾದ ಎರಡು ಎಕರೆ, ಆಕೆ ಹೋದ ಮೂರು ವರ್ಷಕ್ಕೆ. ಅದೇ ಹೊಲದಲ್ಲಿ ಹಿಂದೆ ಆಕೆ ಕೂಲಿ ಮಾಡುವಾಗ, ಎಲ್ಲರೂ ಕುಡಿದ ಮೇಲೆ, ಸಾಲಿನ ಕೊನೆಗೆ ಕೂತು ಬೊಗಸೆಗೆ ಮೇಲಿನಿಂದ ನೀರು ಹುಯ್ಯಿಸಿಕೊಳ್ಳುತ್ತಿದ್ದಳು. ಕೆಲವು ದಿನ ಕೊನೆಯವರೆಗೆ ಕೊಡ ಬರುತ್ತಲೇ ಇರಲಿಲ್ಲ. ಇದನ್ನು ನಿನಗೆ ಹೇಳಿರಲಿಲ್ಲ.

ಇನ್ನು ಒಂದು ಸಣ್ಣ ಮಾತು. ಎಳ್ಳಮಾವಾಸ್ಯೆಯ ದಿನ ನಾನೂ ನಿನ್ನವ್ವನೂ ಅರಕೇರಾಕ್ಕೆ ಹೋಗಿದ್ದೆವು. ಸಜ್ಜೆ ರೊಟ್ಟಿ, ಬಜ್ಜಿ ಪಲ್ಯ, ಕಡಬು, ಎಲ್ಲ ಮಾಡಿಕೊಂಡಿದ್ದಳು. ಭೂಮ್ತಾಯಿಗೆ ಅಂದು ಬಯಕೆಯ ದಿನ, ಹೊಲಕ್ಕೆಲ್ಲ ನೈವೇದ್ಯದ ಅನ್ನದ ಚರಗ ಚೆಲ್ಲಬೇಕು. ನಿನ್ನ ನೀರಿಲ್ಲದ ಮಡಿಯ ಹತ್ತಿರ ನಾನು ಅಡ್ಡ ನಿಂತು, ಇಲ್ಲಿಗೆ ಬೇಡ, ಮಗಳ ಲೆಕ್ಕ ಕೆಡುತ್ತದೆ ಎಂದೆ. ಆಕೆ ಬುಟ್ಟಿ ಕೆಳಗಿಟ್ಟು, 'ಬಯಕಿ ದಿನ ಆ ಮಡಿಗೆ ಉಣಿಸಿ ಈ ಮಡೀನ ಉಪಾಸ ಕೆಡವತೀರೇನ್ರಿ? ಹೊಲದಾಗೂ ಪಂಕ್ತಿಭೇದ ಮಾಡಾಕ ಕಲತ್ರಿ' ಎಂದಳು. ಆ ಮಾತು ನಮ್ಮ ಮನೆಯಲ್ಲಿ ಹಗುರವಾದದ್ದಲ್ಲ. ನಾನು ಸರಿದು ನಿಂತೆ. ಆಕೆ ಒಂದು ಹಿಡಿ ಚೆಲ್ಲಿದಳು. ಇದು ಪುಸ್ತಕದಲ್ಲಿ ಇಲ್ಲ. ಒಂದು ಹಿಡಿ ಅನ್ನಕ್ಕೆ ಜೀನುಗಳು ಏಳುತ್ತವೆಯೋ ಮಲಗುತ್ತವೆಯೋ ನನಗೆ ಗೊತ್ತಿಲ್ಲ. ಆದರೂ ಹೀಗೊಂದು ಆಗಿದೆ ಎಂದ ಮೇಲೆ ಸೋಮವಾರ ಏಳನೆಯ ಸಾಲಿನ ಮಾತು ಬೇಡವೆಂದು ನನಗೆ ಅನಿಸುತ್ತದೆ.

ಚಂದ್ರಬಂಡದ್ದೂ ಮನಸ್ಸಿನಲ್ಲಿಟ್ಟುಕೋ. ಅಲ್ಲಿ ಏಳನೆಯ ಸಾಲು ಸೊರಗಿದೆ ಎಂದರೆ ನೀನು, ಅಲ್ಲಿ ಕೆಂಪು ಮಣ್ಣು, ನೀರು ನಿಲ್ಲುವುದಿಲ್ಲ ಎಂದಿ. ಇರಬಹುದು. ಆದರೆ ಅಮರೇಶ ಮೊನ್ನೆ ಅಂಗಡಿಗೆ ಬಂದವನು ಚಹಾ ಕುಡಿಯುತ್ತ, 'ಮಾಮಾ, ಅದ ಬೀಜ, ಅದ ಬಿಸಲು, ನಿಮ್ಮಲ್ಲಿಷ್ಟ ಹೆಂಗ ಹಸರದಾವ? ಏನ್ ಮಂತ್ರ ಹಾಕೀರಿ' ಎಂದು ಕೇಳಿದ. ನಾನು ನಕ್ಕೆ. ಅವನಿಗೆ ಇನ್ನೊಂದು ಚಹಾ ತರಿಸಿದೆ. ನಮ್ಮ ಅಂಗಡಿಗೆ ಹೊಸ ಬೀಜ ಬಂದರೆ ನಾನು ಒಂದು ಹಂಗಾಮು ನನ್ನ ಹೊಲದಲ್ಲೇ ಬೆಳೆದು ನೋಡುತ್ತೇನೆ, ಆಮೇಲೆಯೇ ಮಾರುವುದು. ನೀನೂ ಇನ್ನೊಂದು ವರ್ಷ ಬಿತ್ತಿ ನೋಡು. ನಿಮ್ಮ ಲ್ಯಾಬಿನ ಮೇಡಂ ಏನಾದರೂ ಅಂದರೆ ಅಪ್ಪನಿಗೆ ಮೈ ಸರಿಯಿಲ್ಲ, ಊರಿಗೆ ಹೋಗಬೇಕು ಎಂದು ಹೇಳಿಬಿಡು. ಅದು ಸುಳ್ಳೂ ಅಲ್ಲ.

ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಎಳ್ಳು ಹೋಳಿಗೆ ಇವೆ. ಹೋಳಿಗೆಯನ್ನು ಮೇಡಂ ಅವರಿಗೂ ಕೊಡು. ನಿನ್ನವ್ವ ಸಾವಿರ ಸಲ ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ಎಲ್ಲೇ ನಿಂತು ಮಾತಾಡಿದರೂ ನಿನ್ನ ತಲೆ ತಗ್ಗದಿರಲಿ, ನಮ್ಮಿಂದ ಅದು ತಗ್ಗದಿರಲಿ.

ನಿನ್ನ ಅಪ್ಪ,
ತಾಯಣ್ಣ

ತಾ. ಕ.: ಬಸ್ ಸ್ಟ್ಯಾಂಡಿನಲ್ಲಿ, ಬುಟ್ಟಿಯ ಮೇಲೆ ಕಾಗದ ಇಟ್ಟು ಬರೆಯುತ್ತಿದ್ದೇನೆ, ದಸ್ತಗೀರ್ ಇಂಜಿನ್ ಚಾಲೂ ಮಾಡಿದ್ದಾನೆ. ನಿನ್ನವ್ವನ ಚರಗ ಏನೂ ಮಾಡಿಲ್ಲ. ಅಷ್ಟಕ್ಕೇ ಅನುಮಾನ ಬಂದು ನೀನು ನಿಲ್ಲಿಸಿಬಿಡುತ್ತೀ, ನನ್ನ ತಪ್ಪು ಹೊರಬೀಳದೆ ನಾನು ಉಳಿದುಕೊಳ್ಳುತ್ತೇನೆ ಎಂದು ಅದನ್ನು ಬರೆದೆ. ಏಳನೆಯ ಸಾಲಿಗೆ ನೀರು ಹಾಕಿದವನು ನಾನು. ಅಮಾವಾಸ್ಯೆಯ ದಿನ ನಿನ್ನವ್ವ ಬುಟ್ಟಿ ಕಟ್ಟುವಾಗ ಡ್ರಮ್ಮಿನಿಂದ ಎರಡು ಕೊಡ. ಜನವರಿ ಎರಡಕ್ಕೆ ನಾಲ್ಕು, ಐದಕ್ಕೆ ನಾಲ್ಕು, ಏಳಕ್ಕೆ ಆರು. ಎಂಟಕ್ಕೆ ನೀನು ಬಂದೆ. ಎರೆ ಮಣ್ಣಿನ ಬಿರುಕಿಗೆ ಸುರಿದರೆ ಮೇಲೆ ಒದ್ದೆ ಕಾಣುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಣ್ಣಿನ ತೇವ ಅಳೆಯುವ ನಿನ್ನ ಮೀಟರು ಮೂರನೆಯ ಸಾಲಿನ ಹತ್ತಿರ ಇತ್ತು, ಅದೂ ಗೊತ್ತಿತ್ತು. ತುಂಬಿದ ಕೊಡ ಹಿಡಿದುಕೊಂಡು ನನ್ನವ್ವನ ಜೋಳವನ್ನು ದಾಟಿ ಹೋಗುವುದು ನನ್ನಿಂದ ಆಗಲಿಲ್ಲ. ಪುಸ್ತಕದಲ್ಲಿ ಆ ನಾಲ್ಕೂ ದಿನಕ್ಕೆ ಸೊನ್ನೆ ಬರೆದೆ. ಇವತ್ತು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ನಿಜ ಬರೆದಿದ್ದೇನೆ, ಸೊನ್ನೆಗಳನ್ನು ಅಳಿಸಿಲ್ಲ, ಮೇಡಂಗೂ ತೋರಿಸು. ಆ ಎಲೆ ಸುಮ್ಮನಿತ್ತು, ಯಾಕೆಂದರೆ ಅದಕ್ಕೆ ಬಾಯಾರಿರಲಿಲ್ಲ. ಅದು ನಿನಗೆ ಇದ್ದದ್ದನ್ನೇ ಹೇಳಿದೆ. ನಿನ್ನೆ ಚಂದ್ರಬಂಡಕ್ಕೆ ಹೋಗಿ ಎಣಿಸಿದೆ: ಅಲ್ಲಿ ಯಾರೂ ನೀರು ಹಾಕದ ಏಳನೆಯ ಸಾಲಿನಲ್ಲಿ ಹದಿನೆಂಟಕ್ಕೆ ಹನ್ನೊಂದು ಗಿಡ ಬದುಕಿವೆ, ಗಿಡಕ್ಕೆ ಮೂರು ಎಲೆ ಹಸಿರು, ತೆನೆ ಸಣ್ಣವು. ನಾಲ್ಕನೆಯ ಸಾಲು ಇದಕ್ಕಿಂತ ಚೆನ್ನಾಗಿದೆ. ನನ್ನವ್ವನ ಜೋಳ ಇಷ್ಟೇ. ಸೋಮವಾರ ಆಕೆಯ ಹೆಸರು ಹೇಳಬೇಡವ್ವಾ.