ಯಾರ ಮನೆಯ ರಕ್ತ

ಸೋಲೂರು
14-9-2008

ಚಿ.ಸೌ. ಕೆಂಪಾಜಮ್ಮನಿಗೆ ನಿನ್ನ ಗಂಡ ಮಾದಯ್ಯ ಮಾಡುವ ಆಶೀರ್ವಾದಗಳು.

ಇಲ್ಲಿ ಕ್ಷೇಮ ಎಂದು ಬರೆಯಲು ಕೈ ಬರುತ್ತಿಲ್ಲ. ನೀನು ಅಣ್ಣನ ಮನೆ ಸೇರಿ ಆರು ವರ್ಷವಾದರೂ ನಾನು ಒಂದು ಕಾಗದ ಹಾಕಲಿಲ್ಲ. ಕೋಪಕ್ಕಲ್ಲ, ಯಾವ ಮುಖ ಇಟ್ಟುಕೊಂಡು ಬರೆಯಲಿ? ಈ ಸಲ ಕ್ಯಾರೆಟ್ ಚೆನ್ನಾಗಿ ಬಂತು, ಅರ್ಧ ಕಾಡುಹಂದಿಗೆ, ಅರ್ಧ ಮಂಡಿಗೆ. ಸಾರು ಮಾಡುವುದನ್ನೂ ಕಲಿತಿದ್ದೇನೆ. ನಾಯಿ ಮಾತ್ರ ಮೂಸಿ ನೋಡಿ ಹೋಗುತ್ತದೆ.

ವಿಷಯ ಮಗಳು ವೀಣಾಳದು. ಹೆದರಬೇಡ, ಪೂರ್ತಿ ಓದು. ಅವಳ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತು. ಕ್ಯಾನ್ಸರೇ, ಆದರೆ ಬೇಗ ಗೊತ್ತಾಗಿದೆ, ಗುಣವಾಗುತ್ತದೆ ಅಂದರು. ಅವಳ ಅಕ್ಕ, ನಮ್ಮ ಕಲಾ, ಇಪ್ಪತ್ತೊಂಬತ್ತಕ್ಕೇ ಇದರಲ್ಲೇ ಹೋದಳು ಎಂದು ತಿಳಿದ ಮೇಲೆ ಕೊಯಮತ್ತೂರಿನ ಡಾಕ್ಟರಮ್ಮ ವಂಶದ ಪರೀಕ್ಷೆ ಆಗಬೇಕು ಎಂದರು. ನಮ್ಮ ಎರಡೂ ಮನೆಯವರ ವಿವರ ಹಾಳೆಯ ಮೇಲೆ ಬರೆದುಕೊಂಡರು. ನಿನ್ನ ಚಿಕ್ಕಮ್ಮ ಗರ್ಭಕೋಶದ ಕ್ಯಾನ್ಸರಿನಲ್ಲಿ ತೀರಿಕೊಂಡದ್ದನ್ನು ಅವರು ಕೇಳುವ ಮೊದಲೇ ಹೇಳಿದೆ. ನನ್ನ ಕಡೆಯವರ ಬಗ್ಗೆ ಕೇಳಿದಾಗ "ನಮ್ ಮನೇಲಿ ಆ ಕಾಯ್ಲೆ ಯಾರ್ಗೂ ಇಲ್ಲ ತಾಯಿ" ಎಂದೆ.

ಅವರು ಬಿಡಲಿಲ್ಲ. "ಅಪ್ಪನ ಕಡೆಯಿಂದಲೂ ಬರುತ್ತೆ ಅಯ್ಯಾ, ನೀವೂ ರಕ್ತ ಕೊಡಿ" ಎಂದರು. ಎರಡು ತಿಂಗಳಿಗೆ ಉತ್ತರ ಬಂತು. ವೀಣಾಳಲ್ಲಿರುವ ದೋಷ ನನ್ನ ರಕ್ತದಲ್ಲಿದೆ. ಕಲಾಳಿಗೂ ನನ್ನಿಂದಲೇ ಹೋಗಿರಬೇಕಂತೆ. ವೀಣಾಳ ಮಗಳು ದೊಡ್ಡವಳಾದ ಮೇಲೆ ಅವಳಿಗೂ ನೋಡಿಸಬೇಕಂತೆ.

ಕಲಾಳ ಹನ್ನೊಂದನೇ ದಿನ, ಎಡೆ ಇಟ್ಟು ನೆಂಟರೆಲ್ಲ ಕುಳಿತಿದ್ದಾಗ, "ನಿನ್ ತವರಿನ ರಕ್ತ ನನ್ ಮಗಳ್ನ ತಿಂತು" ಎಂದೆನಲ್ಲ, ಅದನ್ನು ನೀನು ನಂಬಿಬಿಟ್ಟೆ. ವೀಣಾ ಬಾಣಂತನಕ್ಕೆ ಕರೆದರೆ "ನನ್ ಕೈ ಮಗೀಗೆ ಬ್ಯಾಡ ಕಣವ್ವ" ಎಂದೆಯಂತೆ. ಮೊಮ್ಮಗಳಿಗೆ ನಾಲ್ಕು ತುಂಬಿತು, ನೀನಿನ್ನೂ ಎತ್ತಿಕೊಂಡಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನ್ನದು ದೊಡ್ಡ ತಪ್ಪು ಕೆಂಪಾಜಿ.

ಅಕ್ಟೋಬರ್ ಆರಕ್ಕೆ ಆಪರೇಷನ್. "ನಂಗೆ ಅವ್ವ ಬೇಕು ಕಣಪ್ಪ. ನಾನ್ ಕರುದ್ರೆ ಬರಲ್ಲ, ನೀನೇ ಬರಿ" ಎಂದು ವೀಣಾ ಅತ್ತಳು. ಅಳಿಯ ಪ್ರದೀಪ ಮೂರನೇ ತಾರೀಖು ಗುಂಡ್ಲುಪೇಟೆಗೆ, ನಿನ್ನ ಅಣ್ಣನ ಮನೆಗೇ ಬಂದು ನಿನ್ನನ್ನು ಕರೆದೊಯ್ಯುತ್ತಾನೆ. ಈ ಮನೆಗೆ ಬರಬೇಡ, ನನ್ನ ಮುಖವನ್ನೂ ನೋಡಬೇಡ. ಮಗಳ ಹತ್ತಿರ ಹೋಗು. ಈ ಕಾಗದವನ್ನು ನಿನ್ನ ಅಣ್ಣನ ಕೈಲಿ ಗಟ್ಟಿಯಾಗಿ ಓದಿಸು. ನಾನು ಬೈದದ್ದೂ ಎಲ್ಲರೆದುರಲ್ಲವೇ.

ದೇವರು ನಿನ್ನನ್ನೂ ಮಗಳನ್ನೂ ತಣ್ಣಗಿಟ್ಟಿರಲಿ.

ಇಂತಿ,
ಮಾದಯ್ಯ

ಮರೆತದ್ದಲ್ಲ, ಬರೆಯಲಾರದೆ ಬಿಟ್ಟದ್ದು: ನಮ್ಮವ್ವ ಜಾಂಡೀಸಿನಲ್ಲಿ ಸತ್ತಳು ಎಂದು ನಿನಗೆ ಹೇಳಿದ್ದೆವು. ಅವಳ ಎದೆಯಲ್ಲಿ ಹುಣ್ಣಿತ್ತು. ಆಗ ನನ್ನ ತಂಗಿಗೆ ಗಂಡು ನೋಡುತ್ತಿದ್ದರು. ವಾಸನೆ ಬೀದಿಗೆ ಹೋಗದಿರಲಿ ಎಂದು ದಿನವೂ ಸಾಂಬ್ರಾಣಿ ಹಾಕುತ್ತಿದ್ದೆವು. ಹುಣ್ಣಿನ ಬಟ್ಟೆ ಬದಲಿಸುತ್ತಿದ್ದವನು ನಾನೇ. ಕಲಾಳ ಗಂಟಿನ ಸುದ್ದಿ ನೀನು ಹೇಳಿದ ದಿನವೇ ಅವ್ವ ನೆನಪಾದಳು, ಬಾಯಿ ಬಿಡಲಿಲ್ಲ. ನಿನ್ನ ತವರಿಗೆ ಆ ಮಾತು ಹಚ್ಚುವಾಗಲೂ ನನಗೆ ಗೊತ್ತಿತ್ತು.