ಮೇಣದ ಗೋಡೆ

ಮಾರ್ಚ್ ೩, ಬೆಳಿಗ್ಗೆ

ಈ ಮನೆಗೂ ಹಿತ್ತಲಿನ ಮೇಣದಬತ್ತಿ ಕಾರ್ಖಾನೆಗೂ ಯಜಮಾನಿ ನಾನು. ಕಡಾಯಿಯ ಮೇಲೆ ಕೈ ಹಿಡಿದರೆ ಸಾಕು, ಮೇಣ ಅಚ್ಚಿಗೆ ಹೊಯ್ಯುವ ಹದಕ್ಕೆ ಬಂತೋ ಇಲ್ಲವೋ ಹೇಳುತ್ತೇನೆ. ಮನೆಯಲ್ಲೂ ಅಷ್ಟೇ. ನಾನು ಹಣೆ ಮುಟ್ಟಿ ಜ್ವರವಿಲ್ಲ ಎಂದರೆ ಕಾಯಿಲೆಯಿಲ್ಲ. ಯಾರೂ ಎದುರಾಡುವುದಿಲ್ಲ.

ಇವತ್ತು ಸೊಸೆ ಎದುರಾಡಿದಳು.

"ಅತ್ತೆ, ನಿಮ್ಮ ಕೆಮ್ಮು ಶುರುವಾಗಿ ತಿಂಗಳ ಮೇಲಾಯ್ತು. ಡಾಕ್ಟರ್ ಹತ್ರ ಹೋಗೋಣ."

"ಹಣೆ ಮುಟ್ಟಿ ನೋಡು. ಕಲ್ಲಿನ ಹಾಗೆ ತಣ್ಣಗಿದೆ."

"ಕಲ್ಲು ಕೆಮ್ಮಲ್ಲ, ಅತ್ತೆ."

ನಾಲಿಗೆ ಉದ್ದ. ಅವರಮ್ಮನದೇ. ಆ ಬೀಗಿತ್ತಿ ನಾಲ್ಕು ಜನರೆದುರು ಮೂಗು ಮುಚ್ಚಿಕೊಂಡಿದ್ದಳು — ನನ್ನ ಮೈಯೆಲ್ಲ ಮೇಣದ ವಾಸನೆಯಂತೆ. ಅವತ್ತೇ ಹೇಳಿದ್ದೆ, ನಾನಿರುವ ತನಕ ಈ ಮನೆಯ ಮಗು ಅವಳ ಮನೆಯಲ್ಲಿ ಒಂದು ರಾತ್ರಿಯೂ ಮಲಗಕೂಡದು. ಮೊಮ್ಮಗಳು ಚಿಟ್ಟಿ ಮಲಗುವುದು ನನ್ನ ಎದೆಯ ಮೇಲೆ. ಹುಟ್ಟಿದಾಗಿನಿಂದ.

ಏಪ್ರಿಲ್ ೯

ಕರವಸ್ತ್ರದಲ್ಲಿ ರಕ್ತ. ಹೋದೆ. ಎಕ್ಸ್-ರೇ, ಕಫದ ಪರೀಕ್ಷೆ... ಕ್ಷಯ.

"ಜ್ವರವೇ ಬರಲಿಲ್ವಲ್ಲ!" ಎಂದು ಜೋರು ಮಾಡಿದೆ. ಡಾಕ್ಟರ್, ಚಿಕ್ಕ ವಯಸ್ಸಿನ ಹುಡುಗಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು.

"ಅಮ್ಮಾ, ಈ ರೋಗಾಣುವಿನ ಗೋಡೆ ತುಂಬ ಕೊಬ್ಬು. ಮೇಣದ ಥರ. ಶುರುವಿನಲ್ಲಿ ಅದರಲ್ಲಿ ಕೆಲವು ಕೊಬ್ಬು ರೋಗಾಣುವನ್ನ ಮರೆಮಾಡುತ್ತೆ, ಕಳ್ಳನಿಗೆ ಕಂಬಳಿ ಹೊದಿಸಿದ ಹಾಗೆ. ಮೈಯ ಕಾವಲಿಗೆ ಗುರುತೇ ಸಿಗಲ್ಲ, ಗಲಾಟೆ ಆಗಲ್ಲ. ಬೇರು ಬಿಟ್ಟ ಮೇಲೆ ಅದೇ ಗೋಡೆಯ ಇನ್ನೊಂದು ಕೊಬ್ಬು ಉರಿ ಎಬ್ಬಿಸುತ್ತೆ. ಆ ಉರಿಗೆ ಸುಡೋದು ನಿಮ್ಮ ಶ್ವಾಸಕೋಶ."

ಮೇಣದ ವಿಷಯ ನನಗೆ ಹೇಳಲು ಬಂದಳು! ಬೈಯಲು ಬಾಯಿ ತೆರೆದೆ. ಕೆಮ್ಮು ಬಂತು.

ಏಪ್ರಿಲ್ ೧೪

ಚಿಟ್ಟಿಯ ಪರೀಕ್ಷೆ ಆಯಿತು. ರೋಗಾಣು ಒಳಹೊಕ್ಕಿದೆ. ಕಾಯಿಲೆಯಾಗಿ ಇನ್ನೂ ತಿರುಗಿಲ್ಲ. ತಡೆಯಲು ಔಷಧಿ ಕೊಟ್ಟಿದ್ದಾರೆ. ಹಣೆ ಮುಟ್ಟಲು ಕೈ ತಾನಾಗಿ ಹೋಯಿತು. ಹಿಂದಕ್ಕೆ ತೆಗೆದೆ. ಆ ಕೈ ಇನ್ನೇನು ಹೇಳೀತು?

ನನ್ನ ಕಫದಲ್ಲಿ ರೋಗಾಣು ಇಲ್ಲವಾಗುವ ತನಕ ಅವಳು ದೂರವಿರಬೇಕು. ಕೋಣೆಯ ಬಾಗಿಲು ಹಾಕಿಕೊಂಡೆ. ಹೊರಗೆ ನಿಂತು ಬಡಿಯುತ್ತಾಳೆ. "ಅಜ್ಜೀ, ಎದೆ ಮೇಲೆ ಮಲಗ್ತೀನಿ."

ಮೇ ೨೧

ಮಾತ್ರೆ ನಾಟುತ್ತಿಲ್ಲ. ಈ ಜಾತಿಯ ರೋಗಾಣು ಮೊಂಡಂತೆ. "ಯಜಮಾನಿ ಹಾಗೇ ಬಿಡಿ" ಎಂದು ಬಾಗಿಲಾಚೆಯಿಂದ ಸೊಸೆ ನಗಿಸಲು ನೋಡಿದಳು. ನಕ್ಕೆ. ಆಮೇಲೆ ಅವಳು ಬಿಕ್ಕುವುದು ಕೇಳಿಸಿತು. ನನಗೂ ಚಿಟ್ಟಿಗೂ ಔಷಧಿ ಬದಲಾಗಿದೆ. ಎಷ್ಟು ಕಾಲ ಬೇಕೋ. ಉಳಿಯುತ್ತೇನೆಯೇ ಎಂದು ನಾನು ಕೇಳಲಿಲ್ಲ. ಡಾಕ್ಟರೂ ಹೇಳಲಿಲ್ಲ.

ಚಿಟ್ಟಿ ಬಾಗಿಲ ಹೊಸ್ತಿಲಲ್ಲೇ ನಿದ್ದೆಹೋಗಿದ್ದಾಳೆ. ಸಂದಿಯಲ್ಲಿ ಉಸಿರು ಕೇಳುತ್ತದೆ. ಅವಳ ಉಸಿರು ನನಗೆ ಕೇಳಿದರೆ, ನನ್ನ ಉಸಿರು ಅವಳಿಗೆ...

ಮೇ ೨೨, ಸಂಜೆ

ಬೀಗಿತ್ತಿಗೆ ನಾನೇ ಫೋನ್ ಮಾಡಿದೆ. "ಮಗುವನ್ನು ನಿಮ್ಮ ಮನೇಲಿ ಮಲಗಿಸಿಕೊಳ್ಳಿ."

ಅವಳು ಕೇಳಿದ್ದು ಒಂದೇ ಮಾತು. "ಏನು ಮಾಡಿದ್ರೆ ನಿದ್ದೆ ಮಾಡ್ತಾಳೆ, ಹೇಳಿ."

ಹೇಳಿದೆ. ಬೆನ್ನು ತಟ್ಟಬಾರದು, ಸವರಬೇಕು. ಮೇಣದ ವಾಸನೆ ಇಲ್ಲದೆ ಮಲಗುವುದಿಲ್ಲ — ಅದನ್ನೂ ಹೇಳಿದೆ.

ತಾಯಿ, ಮಗು ಇಬ್ಬರೂ ಹೋದರು. ಕಿಟಕಿಯಿಂದ ನೋಡಿದೆ. ಚಿಟ್ಟಿ ಕಾರಿನ ಹಿಂದಿನ ಗಾಜಿಗೆ ಅಂಗೈ ಒತ್ತಿಕೊಂಡಿದ್ದಳು. ನಾನೂ ಈ ಕಡೆ ಕಿಟಕಿಯ ಗಾಜಿಗೆ —