ಗುಡ್ಡದ ಕಾಲೇಜೋ, ಬಸ್ ಸ್ಟ್ಯಾಂಡ್ ಕಾಲೇಜೋ

ಕೊಪ್ಪಳ
ಮಾಘ ಮೂವತ್ತೆರಡು, ನೀರುವಾರ, ಕ್ರಿ.ಶ. 2191

ನಮ್ಮ ಮನೆತನದ ಬಾಯವ್ವ, ಕುಮಾರಿ ರುಕ್ಸಾನಾ ನದಾಫ್ ಅವರಿಗೆ ನೀಲಗಂಗಾ ಬಾರಕೇರ ಮಾಡುವ ಶರಣು.

ಮೇಲಿನ ತಾರೀಖು ನೋಡಿ, ಯಾರೋ ಚೇಷ್ಟೆ ಮಾಡಿದ್ದಾರೆ ಅಂದುಕೊಂಡು ಈ ಕಾಗದವನ್ನು ಹರಿದು ಬಿಸಾಡಬೇಡ. ನೀರುವಾರ ಅನ್ನುವುದು ನಮ್ಮ ವಾರದ ಎಂಟನೇ ದಿನ. ಅಂದು ಕಾಲುವೆಗೆ ನೀರು ಬಿಡುತ್ತಾರೆ, ಊರಿಗೆ ಊರೇ ಬಟ್ಟೆ ಒಗೆಯುತ್ತದೆ, ಕಚೇರಿಗಳಿಗೆ ಬೀಗ. ಈ ದಿನವನ್ನು ಸೇರಿಸಿದ ಮೇಲೆ ತಿಂಗಳೂ ಮೂವತ್ತೆರಡಕ್ಕೆ ಹಿಗ್ಗಿತು. ನನ್ನ ಮಾತು ಎಲ್ಲಾದರೂ ವಿಚಿತ್ರ ಅನ್ನಿಸಿದರೆ ಕ್ಷಮಿಸು. ನೀವು ಆಡುವ ಕನ್ನಡವನ್ನು ನಮ್ಮ ಶಾಲೆಗಳಲ್ಲಿ ಹಳಗನ್ನಡ ಅಂತ ಕಲಿಸುತ್ತಾರೆ, ನಾನು ಅದರಲ್ಲಿ ಹೇಗೋ ಪಾಸಾದವಳು. ನಿನಗಿನ್ನೂ ಹದಿನೆಂಟು, ನನಗೆ ಅರವತ್ತಾರು. ಆದರೂ ನೀನು ನನಗಿಂತ ನೂರು ವರ್ಷಕ್ಕೂ ಹಿರಿಯಳು. ನೀನು ಅನ್ನಲೋ ನೀವು ಅನ್ನಲೋ ಅಂತ ತಲೆ ಕೆಡಿಸಿಕೊಂಡು, ಕೊನೆಗೆ ಅವ್ವಾ ಅಂತ ಕರೆಯುವುದೇ ವಾಸಿ ಅನ್ನಿಸಿತು. ನಮ್ಮ ಕಡೆ ಅದು ಮುದುಕಿಗೂ ಸಲ್ಲುತ್ತದೆ, ತೊಟ್ಟಿಲ ಕೂಸಿಗೂ ಸಲ್ಲುತ್ತದೆ.

ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಹಿಂದಂಚೆ ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ. ಒಂದು ಮನೆತನಕ್ಕೆ ಒಂದು ತಲೆಮಾರಿನಲ್ಲಿ ಒಂದೇ ಕಾಗದ. ಅದು ಮುಟ್ಟಿತೋ ಇಲ್ಲವೋ, ಮುಟ್ಟಿ ಏನನ್ನು ಬದಲಿಸಿತೋ ಕಳಿಸಿದವರಿಗೆ ತಿಳಿಯುವುದಿಲ್ಲ. ಬದಲಾಗಿದ್ದರೆ ತಿಳಿಯಲು ನಾವೇ ಇರುವುದಿಲ್ಲವಲ್ಲ! ಹೆಚ್ಚಿನವರು ಆ ಹೊಲ ಮಾರಬೇಡ, ಆ ಹುಡುಗನನ್ನು ಕಟ್ಟಿಕೊಳ್ಳಬೇಡ ಅಂತ ಬರೆಯುತ್ತಾರೆ. ನಮ್ಮ ಸರದಿ ಬಂದಾಗ ಮನೆಯವರೆಲ್ಲರ ಬಾಯಲ್ಲಿ ಬಂದದ್ದು ನಿನ್ನ ಹೆಸರು. ನಾಳೆ ಸಂಜೆಯೊಳಗೆ ನೀನು ಎರಡು ದಂತ ಕಾಲೇಜುಗಳಲ್ಲಿ ಒಂದನ್ನು ಆರಿಸಬೇಕು. ಫೀಸು ಎರಡರದ್ದೂ ಹೆಚ್ಚು ಕಡಿಮೆ ಒಂದೇ. ಗಾದಿ ಹೊಲಿಯುವ ನಿನ್ನ ಅಬ್ಬಾ, ನಿನಗೆ ಬಿಟ್ಟಿದ್ದು ಮಗಳೇ ಅಂದುಬಿಟ್ಟಿದ್ದಾರೆ. ನಮಗೆ ತಿಳಿದಂತೆ ನೀನು ಬಸ್ ಸ್ಟ್ಯಾಂಡ್ ಎದುರಿನ ಹಳೇ ಕಾಲೇಜನ್ನು ಆರಿಸಿದೆ. ನಾವೆಲ್ಲ ಹುಟ್ಟಿದ್ದು ಅದರಿಂದ.

ನೀನು ಉಳಿಸಿದ ಜನ ಎಂಥವರು ಅಂತ ನಿನಗೂ ಗೊತ್ತಿರಲಿ. ನಾನು ನೆರಳು ಮೇಸ್ತ್ರಿ. ನಮ್ಮ ಬೀದಿಗಳ ಮೇಲೆಲ್ಲ ತಂತಿ ಕಟ್ಟಿ ನೆರಳುಬಟ್ಟೆ ಹಾಸಿರುತ್ತಾರೆ. ಹೊತ್ತು ಹೊರಳಿದಂತೆ ಆ ಬಟ್ಟೆಯನ್ನು ಎಳೆಸಬೇಕು, ಇಲ್ಲವಾದರೆ ಸಂತೆಗೆ ಬಂದವರ ತಲೆ ಕಾದು ಜಗಳ ಶುರುವಾಗುತ್ತದೆ. ಮಧ್ಯಾಹ್ನ ಊರು ಮಲಗುತ್ತದೆ. ಎದ್ದ ಮೇಲೆ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅದು ಬದಲಾಗಿಲ್ಲ, ಬದಲಾಗಲು ನಾವು ಬಿಡುವುದೂ ಇಲ್ಲ. ಹಲ್ಲಿನ ಸುದ್ದಿ ಕೇಳಿದರೆ ನಿನಗೆ ಖುಷಿಯಾದೀತು. ನಮ್ಮಲ್ಲಿ ಹಲ್ಲು ಬಿದ್ದರೆ ಕಟ್ಟಿಸುವುದಿಲ್ಲ, ಬಿತ್ತಿಸುತ್ತೇವೆ. ವಸಡಿನಲ್ಲಿ ಸಾಸಿವೆ ಕಾಳಿನಷ್ಟು ಬೀಜ ಇಡುತ್ತಾರೆ, ಅದೇ ಬೆಳೆದು ಹಲ್ಲಾಗುತ್ತದೆ. ಮೊಳೆಯುವಾಗಿನ ತುರಿಕೆ ಮಾತ್ರ ಯಪ್ಪಾ, ಶತ್ರುವಿಗೂ ಬೇಡ. ಈಗ ನನಗೆ ಎರಡು ದವಡೆ ಹಲ್ಲು ಬರುತ್ತಿವೆ. ಮೊಮ್ಮಗಳ ಮರದ ಗಿಲಕಿಯನ್ನು ಕಸಿದು ಕಡಿಯುವ ಹಾಗಾಗಿದೆ. ಈ ಕಾಗದದಲ್ಲಿ ಎಲ್ಲಾದರೂ ಸಿಡುಕು ಕಂಡರೆ ಅದು ಹಲ್ಲಿನದು, ನನ್ನದಲ್ಲ. ಇಷ್ಟೆಲ್ಲ ಇದ್ದರೂ ಕೆನ್ನೆಯೊಳಗೆ ಸದ್ದಿಲ್ಲದೆ ಬೆಳೆಯುವ ಕೆಟ್ಟ ಹುಣ್ಣನ್ನು ಈಗಲೂ ಯಾರಾದರೂ ಬಾಯಿ ತೆಗೆಸಿ ಕಣ್ಣಿಂದಲೇ ನೋಡಿ ಕಂಡುಹಿಡಿಯಬೇಕು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಗಂಡು ಹೆಣ್ಣು ನೋಡಲು ಹೊರಟಾಗ ಮೇಲಿನ ಸಾಲಿನ ಹಲ್ಲನ್ನು ಫಳಫಳ ಉಜ್ಜಿಕೊಂಡು, ಕೆಳಗಿನ ಸಾಲಿಗೆ ಎಲೆ ಅಡಿಕೆಯ ಕೆಂಪು ಹಚ್ಚಿಕೊಳ್ಳುತ್ತಾನೆ. ಬೀಗರಾಗುವವರ ಎದುರು ಕೂತು ಒಮ್ಮೆ ಹಲ್ಲು ಕಿರಿಯಬೇಕು. ಪಾಪ, ಅವರು ಹೌಹಾರುತ್ತಾರೆ. ಆಮೇಲೆ ನಮ್ಮ ಹಿರಿಯರೊಬ್ಬರು ನಿನ್ನ ಕಥೆ ಹೇಳುತ್ತಾರೆ. ನಿನ್ನ ಪಾಲಿಗೆ ಅದು ಇನ್ನೂ ನಡೆದಿಲ್ಲ, ಕೇಳು.

ದಂತ ವೈದ್ಯ ಓದುವವರು ಇಂತಿಷ್ಟು ಜನರ ಹಲ್ಲು ಶುಚಿ ಮಾಡಿ ತೋರಿಸಬೇಕು, ಇಲ್ಲವಾದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅದಕ್ಕೆ ಕೋಟಾ ಅನ್ನುತ್ತಿದ್ದರಂತೆ. ಬಸ್ ಸ್ಟ್ಯಾಂಡ್ ಕಾಲೇಜಿಗೆ ರೋಗಿಗಳು ಬರುತ್ತಿದ್ದುದು ಅಷ್ಟಕ್ಕಷ್ಟೇ. ನಾಲ್ಕನೇ ವರ್ಷದಲ್ಲಿ ನಿನ್ನ ಕೋಟಾ ತುಂಬದೆ, ಬಿಳಿ ಕೋಟು ಹಾಕಿಕೊಂಡೇ ರಸ್ತೆ ದಾಟಿ, ಬಸ್ ಸ್ಟ್ಯಾಂಡಿನಲ್ಲಿ ಕಂಡಕಂಡವರನ್ನು ಹಲ್ಲು ತೊಳೆಸಿಕೊಳ್ಳಿ ಬನ್ನಿ ಅಂತ ಕರೆಯತೊಡಗಿದೆ. ಜನ ನಕ್ಕರು, ಕೆಲವರು ಗದರಿದರು. ಸಿಕ್ಕಿದವನು ಮೈಲಾರಪ್ಪ, ಬಸ್ಸಿನೊಳಗೆ ಹುರಿದ ಶೇಂಗಾ ಮಾರುವವನು, ನನ್ನ ಮುತ್ತಜ್ಜನ ಅಪ್ಪ. ಹಗಲೆಲ್ಲ ಗುಟ್ಕಾ ಹಾಕಿಕೊಂಡು ಅವನ ಹಲ್ಲು ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು. ಮೊದಲು ನಿನ್ನನ್ನು ಓಡಿಸಿದ. ಆಮೇಲೆ ಶುಕ್ರವಾರ ಹೆಣ್ಣು ನೋಡಲು ಹೋಗಬೇಕು ಅನ್ನುವುದು ನೆನಪಾಗಿ ತಾನೇ ಹಿಂದೆ ಬಂದ. ನೀನು ಮೇಲಿನ ಸಾಲು ಮುಗಿಸಿ ಕೆಳಗೆ ಬಂದಾಗ, ಎಡಗೆನ್ನೆಯ ಒಳಗೆ, ಕೊನೇ ಹಲ್ಲಿನ ಹಿಂದೆ ಒಂದು ಬಿಳಿ ಮಚ್ಚೆ ಕಂಡಿತು. ಉಜ್ಜಿದರೂ ಹೋಗಲಿಲ್ಲ. ನಿಮ್ಮ ಮೇಡಂ ಅಂದು ರಜೆಯಲ್ಲಿದ್ದರು. ನಾಳೆ ಅವರಿಗೆ ತೋರಿಸೋಣ, ಬಾ ಅಣ್ಣಾ ಅಂದೆ. ಅದು ಉಷ್ಣ, ಮಜ್ಜಿಗೆ ಕುಡಿದರೆ ಇಳಿಯುತ್ತದೆ, ಮದುವೆಯಾದ ಮೇಲೆ ನೋಡೋಣ ಅಂದ ಅವನು. ಇವನು ಇನ್ನು ಈ ಕಡೆ ತಲೆ ಹಾಕುವುದಿಲ್ಲ ಅಂತ ನಿನಗೆ ಗೊತ್ತಾಗಿಹೋಯಿತು.

ಆಗ ನೀನು ಮಾಡಿದ್ದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ, ಕಣ್ಣಲ್ಲಿ ನೀರೂ ಬರುತ್ತದೆ. ಮಷೀನು ಕೈಕೊಟ್ಟಿತು, ಕೆಳಗಿನ ಸಾಲು ನಾಳೆ ಅಂತ ಸುಳ್ಳು ಹೇಳಿಬಿಟ್ಟೆ! ಕನ್ನಡಿ ನೋಡಿಕೊಂಡ ಮೈಲಾರಪ್ಪ ಕಾಲೇಜು ಹಾರಿಹೋಗುವಂತೆ ಕೂಗಾಡಿದ. ಮೇಲೆ ಬಿಳಿ, ಕೆಳಗೆ ಕೆಂಪು, ಯಾವ ಮುಖ ಹೊತ್ತು ಹೆಣ್ಣಿನ ಮನೆಗೆ ಹೋಗುವುದು? ಮರುದಿನ ಬೆಳಗಾಗುತ್ತಲೇ ಬೈಯುತ್ತಾ ಬಂದ. ಮೇಡಂ ಕಾದಿದ್ದರು. ಮಚ್ಚೆಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರು ಆಗಷ್ಟೇ ಕಣ್ಣು ಬಿಡುತ್ತಿತ್ತು. ಚೂರು ತೆಗೆದ ಗಾಯ ಹಸಿಯಿದ್ದುದರಿಂದ ಕೆಳಗಿನ ಸಾಲು ಹಾಗೇ ಉಳಿಯಿತು. ಶುಕ್ರವಾರ ಅದೇ ಬಾಯಿ ಹೊತ್ತು ಹೋದ. ಹೆಣ್ಣು ನೋಡಿ ಬಿದ್ದು ಬಿದ್ದು ನಕ್ಕಳು, ಒಪ್ಪಿದಳು, ಆಪರೇಷನ್ ಮುಗಿಯುವ ತನಕ ಕಾದಳು. ಮೈಲಾರಪ್ಪ ಎಂಬತ್ತು ದಾಟಿ ಬದುಕಿದ. ಬಾಯಿ ನೋಡಿ ಬದುಕಿಸಿದ ನಿನಗೆ ನಮ್ಮ ಮನೆಯಲ್ಲಿ ಅಂದಿನಿಂದ ಬಾಯವ್ವ ಅಂತಲೇ ಹೆಸರು.

ಈಗ ನನ್ನ ಎದೆ ಹೊಡೆದುಕೊಳ್ಳುವ ಭಾಗಕ್ಕೆ ಬರುತ್ತೇನೆ. ಅವನ ಮದುವೆಯ ಪಂಕ್ತಿಯಲ್ಲಿ ಕೂತು ನೀನೇ ಒಂದು ಮಾತು ಹೇಳಿ ನಗಿಸಿದ್ದೆಯಂತೆ. ಎರಡೂ ಕಾಲೇಜು ನೋಡಲು ಹೋದಾಗ, ಗುಡ್ಡದ ಕಾಲೇಜಿನಲ್ಲಿ ಹೊಸ ಕುರ್ಚಿಗಳು, ತಂಪು ಕೋಣೆಗಳು, ಆದರೆ ವರಾಂಡ ಖಾಲಿ. ಬಸ್ ಸ್ಟ್ಯಾಂಡ್ ಕಾಲೇಜಿನಲ್ಲಿ ಗೋಡೆಯ ಗಾರೆ ಉದುರುತ್ತಿತ್ತು, ಆದರೆ ಬೆಂಚುಗಳ ಮೇಲೆ ಕೂರಲು ಜಾಗವಿಲ್ಲದಷ್ಟು ಜನ. ರೋಗಿಗಳಿದ್ದರೆ ತಾನೇ ಕೈ ಪಳಗುವುದು ಅಂದುಕೊಂಡು ನೀನು ಅದನ್ನೇ ಆರಿಸಿದೆ. ಅವ್ವಾ, ಬೆಂಚಿನ ಮೇಲೆ ಕೂತವರು ರೋಗಿಗಳಲ್ಲ. ಅವರು ಬಸ್ಸು ಕಾಯುವವರು. ಅಲ್ಲಿ ಫ್ಯಾನು ತಿರುಗುತ್ತದೆ, ತಣ್ಣೀರು ಸಿಗುತ್ತದೆ, ಯಾರೂ ಎಬ್ಬಿಸುವುದಿಲ್ಲ, ಅದಕ್ಕೇ ಬಂದು ಕೂರುತ್ತಾರೆ. ಗುಡ್ಡದ ಕಾಲೇಜಿನವರು ಹಳ್ಳಿಗಳಿಂದ ತಮ್ಮದೇ ಬಸ್ಸಿನಲ್ಲಿ ರೋಗಿಗಳನ್ನು ಕರೆತರುತ್ತಾರೆ. ನೀನು ಹೋದಾಗ ಅವರು ಊಟಕ್ಕೆ ಹೋಗಿದ್ದರು, ಅಷ್ಟೇ. ನಿನಗೆ ಬೇಕಾದದ್ದು ಹೆಚ್ಚು ರೋಗಿಗಳಾದರೆ, ಅದು ಗುಡ್ಡದ ಮೇಲಿದೆ.

ಇದನ್ನು ಬರೆಯಕೂಡದು ಅಂತ ನಮ್ಮ ಅಕ್ಕ ದುಂಡವ್ವ ರಂಪ ಮಾಡಿದಳು. ಮೊಮ್ಮಗಳನ್ನು ತಂದು ನನ್ನ ಮಡಿಲಿಗೆ ಹಾಕಿ, ಇದರ ಮುಖ ನೋಡಿಕೊಂಡು ಬರೆ, ಬೇಕಾದರೆ ಇದನ್ನು ಅಳಿಸು ಅಂದಳು. ಬರೀ ಧನ್ಯವಾದ ಹೇಳಿ ಮುಗಿಸು, ಬೆಂಚಿನ ಮಾತು ನಿನಗೇಕೆ ಅಂದಳು. ಕೂಸು ನನ್ನ ಬೆರಳು ಹಿಡಿದು ಬೊಚ್ಚು ಬಾಯಲ್ಲಿ ಚೀಪುತ್ತಿತ್ತು. ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ? ಈಗಲೂ ಭಯವೇ. ಆದರೆ ನೀನು ಐದು ವರ್ಷ ಬೆವರು ಸುರಿಸಿ, ರಸ್ತೆಯಲ್ಲಿ ನಗೆಪಾಟಲಾಗಿ, ಬೈಸಿಕೊಂಡು ಓದಿದ್ದು ಒಂದು ತಪ್ಪು ತಿಳಿವಳಿಕೆಯಿಂದ. ಅದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂತರೆ, ನಮ್ಮನ್ನು ಉಳಿಸಿದವಳಿಗೆ ನಾವೇ ಟೋಪಿ ಹಾಕಿದಂತೆ. ಉಪಕಾರ ಉಂಡ ಬಾಯಿಂದ ಆ ಕೆಲಸ ನನ್ನಿಂದಾಗದು. ದುಂಡವ್ವ ಮುಖ ಊದಿಸಿಕೊಂಡು ಒಳಗೆ ಹೋದಳು, ಸ್ವಲ್ಪ ಹೊತ್ತಿಗೆ ಚಹಾ ತಂದಿಟ್ಟಳು. ಅದನ್ನು ಒಪ್ಪಿಗೆ ಅಂದುಕೊಂಡು ಬರೆಯುತ್ತಿದ್ದೇನೆ.

ಆದ್ದರಿಂದ ಅವ್ವಾ, ನಿನ್ನ ಮನಸ್ಸಿಗೆ ಬಂದದ್ದನ್ನು ಆರಿಸು. ಗುಡ್ಡದ ಕಾಲೇಜಾದರೆ ಗುಡ್ಡದ ಕಾಲೇಜು. ಅಲ್ಲಿನ ಕುರ್ಚಿಯಲ್ಲೂ ಯಾರದೋ ಮುತ್ತಜ್ಜನ ಅಪ್ಪ ಬಾಯಿ ತೆಗೆದು ಕೂತಾನು. ಅವನ ಮನೆಯವರೂ ಎಲ್ಲೋ ಕೂತು ನಿನಗೆ ಇಂಥದೇ ಕಾಗದ ಬರೆದಾರು. ನಾವು ಇಷ್ಟು ದಿನ ಉಂಡದ್ದು, ನಕ್ಕದ್ದು, ಮದುವೆ ಮಾಡಿದ್ದು, ಜಗಳವಾಡಿದ್ದು ಎಲ್ಲ ನಿನ್ನಿಂದ. ಆಮೇಲೆ ಹೇಳಲು ನಾವು ಇರುತ್ತೇವೋ ಇಲ್ಲವೋ, ಈಗಲೇ ಹೇಳಿಬಿಡುತ್ತೇನೆ: ನಿನ್ನ ಹೊಟ್ಟೆ ತಣ್ಣಗಿರಲಿ.

ಬೇಡುವುದು ಒಂದೇ. ಗುಡ್ಡದಲ್ಲಿ ಓದುವವರೂ ಊರಿಗೆ ಹೋಗಲು ಅದೇ ಬಸ್ ಸ್ಟ್ಯಾಂಡಿಗೆ ಇಳಿದು ಬರಬೇಕು. ನಾಲ್ಕನೇ ವರ್ಷದ ಚಳಿಗಾಲದಲ್ಲಿ, ಗಂಗಾವತಿ ಬಸ್ಸು ನಿಲ್ಲುವ ಕಡೆ, ಹಸಿರು ಮಫ್ಲರ್ ಸುತ್ತಿದ ತೆಳ್ಳಗಿನವನೊಬ್ಬ ಶೇಂಗಾ ಮಾರುತ್ತಿರುತ್ತಾನೆ. ಒಂದು ಪೊಟ್ಟಣ ತಗೋ. ತಗೊಂಡು, ಅಣ್ಣಾ ಒಮ್ಮೆ ಬಾಯಿ ತೆಗಿ ಅನ್ನು. ಅವನು ನಿನ್ನನ್ನು ಹಿಗ್ಗಾಮುಗ್ಗಾ ಬೈಯುತ್ತಾನೆ. ಬೈಸಿಕೋ. ಬೈಯಲಿಕ್ಕಾದರೂ ಬಾಯಿ ತೆರೆಯಲೇಬೇಕಲ್ಲ, ಆಗ ಎಡಗೆನ್ನೆಯ ಒಳಗೆ ಟಾರ್ಚ್ ಬಿಟ್ಟು ನೋಡು.

ಇಂತಿ, ಹುಟ್ಟಿದ್ದಕ್ಕೆ ಋಣಿಯಾದ
ನೀಲಗಂಗಾ